ಆಮ್ಲಜನಕ ಧಾತುವೇ, ಅಣುವೇ?

ಪ್ರಶ್ನೆ: ಆಮ್ಲಜನಕವನ್ನು ಒಂದು ಕಡೆ ಧಾತು ಎಂದೂ ಇನ್ನೊಂದು ಕಡೆ ಅಣು ಎಂದೂ ಬರೆದಿರುತ್ತಾರೆ. ಯಾವುದು ಸರಿ? ಸಂಯುಕ್ತಗಳೆಲ್ಲವೂ ಅಣುಗಳಿಂದಲೇ ಆಗಿರುತ್ತವೆಯೇ?

ಉತ್ತರ: ಎರಡೂ ಸರಿ, ಏಕೆಂದರೆ ಅವು ಎರಡು ಬೇರೆ ಪ್ರಶ್ನೆಗಳಿಗೆ ಸಿಗುವ ಉತ್ತರಗಳು. ಒಂದು ವಸ್ತುವಿನಲ್ಲಿ ಎಷ್ಟು ಬಗೆಯ ಪರಮಾಣುಗಳಿವೆ ಎಂದು ಕೇಳಿದರೆ ಧಾತು (ಒಂದೇ ಬಗೆ) ಅಥವಾ ಸಂಯುಕ್ತ (ಕೂಡಿಕೊಂಡ ಹಲವು ಬಗೆ) ಎಂಬ ಉತ್ತರ ದೊರೆಯುತ್ತದೆ. ಆ ಪರಮಾಣುಗಳು ಹೇಗೆ ಕೂಡಿಕೊಂಡಿವೆ ಎಂದು ಕೇಳಿದಾಗಷ್ಟೇ ಅಣುವಿನ ಮಾತು ಬರುತ್ತದೆ.

ಪರಮಾಣುವಿನ ಬಗೆಯನ್ನು ನಿರ್ಧರಿಸುವುದು ಅದರ ಬೀಜಕೇಂದ್ರದಲ್ಲಿರುವ ಪ್ರೋಟಾನುಗಳ ಸಂಖ್ಯೆ. ಎಂಟು ಪ್ರೋಟಾನುಗಳಿದ್ದರೆ ಅದು ಆಮ್ಲಜನಕವೇ ಹೊರತು ಬೇರೆಯಲ್ಲ. ಇಂಥ 118 ಧಾತುಗಳು ಈವರೆಗೆ ತಿಳಿದಿವೆ. ಗಾಳಿಯಲ್ಲಿರುವ ಆಮ್ಲಜನಕದಲ್ಲಿ ಎರಡೆರಡು ಪರಮಾಣುಗಳು ಬಂಧಗೊಂಡು ಅಣುಗಳಾಗಿರುತ್ತವೆ. ಓಝೋನ್‌ನಲ್ಲಿ ಮೂರು ಮೂರು. ಅಣು ಬೇರೆಯಾದರೂ ಧಾತು ಒಂದೇ. ಗಂಧಕದ ಎಂಟು ಪರಮಾಣುಗಳು ಉಂಗುರದಂತೆ ಕೂಡಿ ಒಂದು ಅಣುವಾಗುತ್ತವೆ. ಹೀಲಿಯಂ, ನಿಯಾನ್‌ಗಳ ಪರಮಾಣುಗಳಾದರೋ ಒಂಟಿಯಾಗಿಯೇ ಉಳಿಯುತ್ತವೆ.

ಈ ಗೊಂದಲ ವಿದ್ಯಾರ್ಥಿಗಳಿಗೆ ಮಾತ್ರ ಮೀಸಲಾದುದಲ್ಲ. ಒಂದೇ ಬಗೆಯ ಪರಮಾಣುಗಳು ಪರಸ್ಪರ ಕೂಡಲಾರವೆಂದು ಪರಮಾಣು ಸಿದ್ಧಾಂತವನ್ನು ಮಂಡಿಸಿದ ಡಾಲ್ಟನ್ ನಂಬಿದ್ದರು. ಕೂಡಬಲ್ಲವೆಂದು ಇಟಲಿಯ ವಿಜ್ಞಾನಿ ಅವೊಗಾಡ್ರೊ 1811ರಲ್ಲಿ ಸೂಚಿಸಿದರೂ, 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂನಲ್ಲಿ ನಡೆದ ರಸಾಯನವಿಜ್ಞಾನಿಗಳ ಸಮ್ಮೇಳನದಲ್ಲಿ ಅದೇ ದೇಶದವರಾದ ಕನಿಜಾರೊ ಅದನ್ನು ಮತ್ತೆ ಎತ್ತಿಹಿಡಿಯುವವರೆಗೆ ಬಹುಪಾಲು ರಸಾಯನವಿಜ್ಞಾನಿಗಳು ಅದಕ್ಕೆ ಕಿವಿಗೊಡಲಿಲ್ಲ.

ಇನ್ನು ಸಂಯುಕ್ತದ ವಿಷಯ. ಏಳು ಗ್ರಾಂ ಕಬ್ಬಿಣದ ಪುಡಿಯನ್ನೂ ನಾಲ್ಕು ಗ್ರಾಂ ಗಂಧಕವನ್ನೂ ಬೆರೆಸಿದರೆ ದೊರೆಯುವುದು ಬರಿಯ ಮಿಶ್ರಣ. ಆಯಸ್ಕಾಂತ ಹಿಡಿದರೆ ಕಬ್ಬಿಣ ಮೇಲೆದ್ದು ಬರುತ್ತದೆ, ಹಳದಿ ಗಂಧಕ ಕೆಳಗೇ ಉಳಿಯುತ್ತದೆ. ಅದನ್ನೇ ಪ್ರನಾಳದಲ್ಲಿ ಕಾಯಿಸಿದಾಗ ಒಂದೆಡೆ ಕೆಂಪಗೆ ಕೆಂಡದಂತಾಗಿ, ಜ್ವಾಲೆಯನ್ನು ತೆಗೆದರೂ ಆ ಕೆಂಪು ತಾನಾಗಿಯೇ ಮುಂದೆ ಹರಡುತ್ತದೆ. ಉಳಿಯುವ ಕಪ್ಪು ಗಟ್ಟಿಯಿಂದ, ಕ್ರಿಯೆ ಪೂರ್ಣಗೊಂಡಿದ್ದರೆ, ಆಯಸ್ಕಾಂತವು ಕಬ್ಬಿಣವನ್ನು ಬೇರ್ಪಡಿಸಲಾರದು. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಕಬ್ಬಿಣದಿಂದ ಹೊಮ್ಮುವ ವಾಸನೆಯಿಲ್ಲದ ಜಲಜನಕದ ಬದಲು ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಬರುತ್ತದೆ. ಅದು ವಿಷಾನಿಲವಾದ್ದರಿಂದ ಇದನ್ನು ಪ್ರಯೋಗಶಾಲೆಯ ಹೊರಗೆ ಮಾಡಬಾರದು. ಹೀಗೆ ಎರಡು ಅಥವಾ ಹೆಚ್ಚು ಧಾತುಗಳು ನಿಶ್ಚಿತ ಅನುಪಾತದಲ್ಲಿ ರಾಸಾಯನಿಕವಾಗಿ ಕೂಡಿ, ತಮ್ಮ ಮೂಲ ಗುಣಗಳನ್ನು ಕಳೆದುಕೊಂಡು ಹೊಸ ಗುಣಗಳನ್ನು ಪಡೆದಾಗ ಅದು ಸಂಯುಕ್ತ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಇಲ್ಲ. ಎಲ್ಲ ಸಂಯುಕ್ತಗಳೂ ಅಣುಗಳೇ ಎಂಬ ಮಾತು ಪಾಠಗಳಲ್ಲಿ ಆಗಾಗ ಕೇಳಿಬರುತ್ತದೆಯಾದರೂ ಅದು ತಪ್ಪು. ನೀರಿಗೆ ಅಣುವಿದೆ: ಎರಡು ಜಲಜನಕ, ಒಂದು ಆಮ್ಲಜನಕ. ಉಪ್ಪಿನ ಹರಳಿನಲ್ಲಾದರೋ ಇರುವುದು ಅಯಾನುಗಳು, ಅಂದರೆ ವಿದ್ಯುದಾವೇಶ ಹೊಂದಿದ ಪರಮಾಣುಗಳು; ಪ್ರತಿ ಸೋಡಿಯಂ ಅಯಾನನ್ನು ಆರು ಕ್ಲೋರೈಡ್ ಅಯಾನುಗಳೂ, ಪ್ರತಿ ಕ್ಲೋರೈಡನ್ನು ಆರು ಸೋಡಿಯಂ ಅಯಾನುಗಳೂ ಸುತ್ತುವರಿದಿರುವುದರಿಂದ ಇದು ಇದರ ಜೋಡಿ ಎಂದು ಬೆರಳಿಟ್ಟು ತೋರಿಸಲಾಗದು. ಅದರ ಸೂತ್ರ ಹೇಳುವುದು ಒಂದಕ್ಕೊಂದು ಎಂಬ ಅನುಪಾತವನ್ನಷ್ಟೇ. ಅದೇ ಉಪ್ಪನ್ನು 1,400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ ಆವಿಯಾಗಿಸಿದರೆ, ಆ ಆವಿಯಲ್ಲಿ ಸೋಡಿಯಂ ಕ್ಲೋರೈಡಿನ ಬಿಡಿ ಅಣುಗಳು ಇರುತ್ತವೆ.