45 ಅನ್ನು 165 ಎಂದು ಬರೆದರೆ ಒಂಬತ್ತು ಎಲ್ಲಿಗೆ ಹೋಯಿತು?

ಪ್ರಶ್ನೆ: ಮೈನಸ್ ಹತ್ತನ್ನೇ ಬೇಸ್ (ಸ್ಥಾನಬೆಲೆಗಳಿಗೆ ಆಧಾರವಾದ ಸಂಖ್ಯೆ, ಮಾಮೂಲಿಗೆ ಹತ್ತು) ಮಾಡಿಕೊಂಡು ಸಂಖ್ಯೆ ಬರೆಯಬಹುದಂತೆ. ಆಗ 45 ಅನ್ನು 165 ಎಂದು ಬರೆಯಬೇಕಂತೆ. 45 ಒಂಬತ್ತರಿಂದ ಭಾಗವಾಗುತ್ತದೆ. ಆದರೆ 1, 6, 5 ಕೂಡಿದರೆ 12. ಅದು ಒಂಬತ್ತರಿಂದ ಭಾಗವಾಗುವುದಿಲ್ಲ. ಬೇಸ್ ಬದಲಾದರೆ ಸಂಖ್ಯೆಯ ಗುಣವೂ ಬದಲಾಗುತ್ತದೆಯೇ? ಇಂಥ ಬೇಸ್‌ನಿಂದ ಉಪಯೋಗವಾದರೂ ಏನು?

ಉತ್ತರ: ಗುಣ ಬದಲಾಗುವುದಿಲ್ಲ. ನಲವತ್ತೈದು ಕಲ್ಲುಗಳನ್ನು ಒಂಬತ್ತು ಸಾಲಾಗಿ ಜೋಡಿಸಿದರೆ ಸಾಲಿಗೆ ಐದೈದು ಬಂದೇ ಬರುತ್ತವೆ. ನಾವು ಕಾಗದದ ಮೇಲೆ ಏನು ಬರೆದೆವು ಅಂತ ಕಲ್ಲುಗಳಿಗೇನು ಗೊತ್ತು? ಸಮ, ಬೆಸ, ವರ್ಗ, ಅವಿಭಾಜ್ಯ ಎಲ್ಲವೂ ಹಾಗೆಯೇ. ನಿಮಗೆ ಕೈಕೊಟ್ಟದ್ದು ಅಂಕಿ ಕೂಡಿ ನೋಡುವ ಉಪಾಯ. ಅದು ಬರೆಯುವ ಪದ್ಧತಿಗೆ ಅಂಟಿಕೊಂಡದ್ದು.

ಮೊದಲು 165 ಹೇಗೆ ಬಂತು ನೋಡೋಣ. ಇಲ್ಲಿ ಪ್ರತಿ ಸ್ಥಾನಕ್ಕೂ -10ರಿಂದ ಗುಣಿಸುತ್ತಾ ಹೋಗಬೇಕು, ಹಾಗಾಗಿ ಸ್ಥಾನಬೆಲೆಗಳು ಬಲದಿಂದ ಎಡಕ್ಕೆ 1, -10, 100, -1000. ಹಾಗಾಗಿ 165 ಅಂದರೆ 100 - 60 + 5. ಸರಿಯಾಗಿ 45.

ನಮ್ಮ ಮಾಮೂಲಿ ಪದ್ಧತಿಯಲ್ಲಿ 10, 100, 1000 ಯಾವುದನ್ನು ಒಂಬತ್ತರಿಂದ ಭಾಗಿಸಿದರೂ 1 ಉಳಿಯುತ್ತದೆ. ಅದಕ್ಕೇ ಅಂಕಿಗಳನ್ನು ಸುಮ್ನೆ ಕೂಡಿದರೆ ಸಾಕು. ಮೈನಸ್ ಹತ್ತು ಅಂದರೆ -9 - 1. ಇಲ್ಲಿ ಉಳಿಯುವುದು -1. ನೂರಕ್ಕೆ ಮತ್ತೆ 1, ಮೈನಸ್ ಸಾವಿರಕ್ಕೆ ಮತ್ತೆ -1. ಅಂದರೆ ಅಂಕಿಗಳನ್ನು ಒಂದು ಕೂಡಿ, ಒಂದು ಕಳೆದು ಹೋಗಬೇಕು: 5 - 6 + 1 = 0. ಸೊನ್ನೆ ಬಂತು, ಒಂಬತ್ತರಿಂದ ಭಾಗವಾಯಿತು.

ಈ ಕೂಡಿ ಕಳೆಯುವ ಆಟ ಎಲ್ಲೋ ನೋಡಿದ ಹಾಗಿದೆಯಲ್ಲ? ಶಾಲೆಯಲ್ಲಿ ಹನ್ನೊಂದಕ್ಕೆ ಕಲಿತ ನಿಯಮವೇ ಇದು. ಹಾಗಾದರೆ ಹನ್ನೊಂದು ಏನು ಮಾಡುತ್ತದೆ? ಅದು ಒಂಬತ್ತರ ಜಾಗಕ್ಕೆ ಬರುತ್ತದೆ! -10 ಅಂದರೆ -11 + 1, 100 ಅಂದರೆ 99 + 1, -1000 ಅಂದರೆ -1001 + 1. ಎಲ್ಲದರಲ್ಲೂ ಉಳಿಯುವುದು 1. ಇಲ್ಲಿ 77 ಅನ್ನು ಬರೆಯುವುದು 137 ಎಂದು. ಅಂಕಿಗಳನ್ನು ಕೂಡಿದರೆ 11. ಒಂಬತ್ತು, ಹನ್ನೊಂದು ಹೀಗೆ ಉಪಾಯ ಅದಲುಬದಲು ಮಾಡಿಕೊಳ್ಳುವುದು ನನಗೆ ಈ ಬೇಸ್‌ನಲ್ಲಿ ಅತಿ ಇಷ್ಟವಾದ ಸಂಗತಿ. ಎರಡು ಮತ್ತು ಐದಕ್ಕೆ ಮಾತ್ರ ಹಳೆಯ ನಿಯಮವೇ, ಕೊನೆಯ ಅಂಕಿ ನೋಡಿದರೆ ಸಾಕು.

ಉಪಯೋಗ ಕೇಳಿದ್ದೀರಿ. ಮೈನಸ್ ಚಿಹ್ನೆಯೇ ಬೇಡ, ಅದೇ ಲಾಭ. -45 ಅನ್ನು 55 ಎಂದು ಬರೆದರಾಯಿತು: -50 + 5. ಅಂಕಿಗಳ ಎಣಿಕೆ ಬೆಸವಾದರೆ ಸಂಖ್ಯೆ ಧನ, ಸಮವಾದರೆ ಋಣ, ಸೊನ್ನೆಯೊಂದನ್ನು ಬಿಟ್ಟು. ಇಟಲಿಯ ವಿಟ್ಟೋರಿಯೊ ಗ್ರೂನ್‌ವಾಲ್ಡ್ 1885ರಲ್ಲೇ ಋಣ ಬೇಸ್‌ಗಳ ಬಗ್ಗೆ ಬರೆದಿದ್ದರು. ಪೋಲೆಂಡ್‌ನ ಯುಎಂಸಿ-1 ಎಂಬ ಹಳೆಯ ಕಂಪ್ಯೂಟರ್ ಮೈನಸ್ ಎರಡನ್ನು ಬೇಸ್ ಮಾಡಿಕೊಂಡು ಲೆಕ್ಕ ಮಾಡುತ್ತಿತ್ತು.

ಆದರೆ ಕೈಯಲ್ಲಿ ಲೆಕ್ಕ ಮಾಡುವವರಿಗೆ ತಲೆನೋವು ಜಾಸ್ತಿ. ಕೂಡುವಾಗ ಕೈಲಿ ಉಳಿಯುವ ದಶಕ ಇಲ್ಲಿ ಒಂದಲ್ಲ, ಮೈನಸ್ ಒಂದು. ಒಂಬತ್ತಕ್ಕೆ ಒಂದು ಕೂಡಿದರೆ 190. ಮೂರಂಕಿಯಲ್ಲಿ ಎಲ್ಲಕ್ಕಿಂತ ದೊಡ್ಡದು 909. ಅದಕ್ಕೆ ಒಂದು ಕೂಡಿ ನೋಡಿ, ನೇರ 19090ಕ್ಕೆ ಹಾರುತ್ತದೆ.