ಕೊಳದಲ್ಲಿ ಕಂಡ ಈ ಒಂಟಿ ಹೆಬ್ಬಾತು ಯಾವುದು?

ಮನೆಗಳ ಪಕ್ಕದ ಕೊಳದಲ್ಲಿ ಕಂಡ ಹೆಬ್ಬಾತು ಯಾವುದು ಅಂತ ಕೇಳಿದ್ದೀರಿ: ಕಂದು ಮೈ, ಕಿತ್ತಳೆ ಕಾಲು, ಕೊಕ್ಕಿನ ಬುಡದಲ್ಲಿ ಬಿಳಿ, ಬಾತುಗಳ ನಡುವೆ ಒಂದೇ ಒಂದು. ನೀವು ಕೊಟ್ಟ ಈ ಗುರುತುಗಳು ಹಣೆಯಲ್ಲಿ ಬಿಳಿ ಇರುವ ಕಾಡು ಹೆಬ್ಬಾತಾದ ವೈಟ್ ಫ್ರಂಟೆಡ್ ಗೂಸ್‌ಗೆ ಸರಿಯಾಗಿ ಹೊಂದುತ್ತವೆ. ಆದರೂ ಮನೆಗಳ ಪಕ್ಕದ ಕೊಳ ಅಂದ ಕೂಡಲೇ ನನಗೆ ಮೊದಲು ಅನುಮಾನ ಬರುವುದು ಸಾಕು ಹೆಬ್ಬಾತಿನ ಮೇಲೆ.

ಸಾಕು ಹೆಬ್ಬಾತುಗಳು ಬಂದಿರುವುದು ಗ್ರೇಲ್ಯಾಗ್ ಮತ್ತು ಸ್ವಾನ್ ಗೂಸ್ ಎಂಬ ಎರಡು ಕಾಡು ಜಾತಿಗಳಿಂದ. ಇವುಗಳ ಬೆರಕೆಯಲ್ಲೂ ಹಲವು ಸಲ ಕೊಕ್ಕಿನ ಸುತ್ತ ತೆಳ್ಳಗೆ ಬಿಳಿ ಇರುತ್ತದೆ, ಕಾಲೂ ಕಿತ್ತಳೆ ಇರಬಹುದು. ಎಷ್ಟೋ ಜನ ಏಮಾರುವುದು ಇಲ್ಲೇ.

ಹಾಗಾಗಿ ಬಿಳಿ ಎಲ್ಲಿಯವರೆಗೆ ಹೋಗಿದೆ ನೋಡಿ. ವೈಟ್ ಫ್ರಂಟೆಡ್ ಆದರೆ ಹಣೆಗೆ ಸುಣ್ಣ ಬಳಿದ ಹಾಗೆ ಅಗಲವಾಗಿ ಮೇಲೆ ಹತ್ತಿರುತ್ತದೆ. ಸುಮ್ನೆ ಒಂದು ಗೆರೆಯಷ್ಟೇ ಇದ್ದರೆ ಬೆರಕೆಯೇ ಇರಬೇಕು. ಆಮೇಲೆ ಹೊಟ್ಟೆ. ಬೆಳೆದ ವೈಟ್ ಫ್ರಂಟೆಡ್‌ನ ಹೊಟ್ಟೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳಿರುತ್ತವೆ. ಒಂದಕ್ಕೆ ದಟ್ಟವಾಗಿ, ಇನ್ನೊಂದಕ್ಕೆ ಅಲ್ಲೊಂದು ಇಲ್ಲೊಂದು. ಒಂದು ತೊಡಕಿದೆ: ಎಳೆಯ ಮರಿಗಳಿಗೆ ಹಣೆಯ ಬಿಳಿಯೂ ಇರುವುದಿಲ್ಲ, ಈ ಪಟ್ಟೆಯೂ ಇರುವುದಿಲ್ಲ. ನಿಮ್ಮದಕ್ಕೆ ಬಿಳಿ ಇದೆ ಅಂದಿದ್ದೀರಿ, ಆದ್ದರಿಂದ ಪಟ್ಟೆ ಹುಡುಕುವುದು ದಂಡ ಅಲ್ಲ.

ಇಷ್ಟರಲ್ಲೂ ತೀರ್ಮಾನ ಆಗದಿದ್ದರೆ ಹಕ್ಕಿಯ ಹಿಂಭಾಗ ನೋಡಿ. ನನಗೆ ಜಾಸ್ತಿ ನಂಬಿಕೆ ಇರುವುದು ಇದರ ಮೇಲೆಯೇ. ಸಾಕು ತಳಿಗಳಿಗೆ ಹಿಂದೆ ಭಾರ. ಹೊಟ್ಟೆ ಜೋತು ಬಿದ್ದು, ಕೆಲವಕ್ಕೆ ನೆಲ ಮುಟ್ಟುವಂತಿರುತ್ತದೆ. ಕಾಡಿನದ್ದು ಅಚ್ಚುಕಟ್ಟಾಗಿ, ಸಪೂರವಾಗಿರುತ್ತದೆ, ಸಲೀಸಾಗಿ ಹಾರುತ್ತದೆ. ಜನರಿಗೆ ಹೆದರುವುದಿಲ್ಲ ಅನ್ನುವುದನ್ನು ಮಾತ್ರ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಗುಂಪು ತಪ್ಪಿದ ಕಾಡು ಹಕ್ಕಿಯೂ ಸಾಕು ಬಾತುಗಳ ಜೊತೆ ಸೇರಿ ಧೈರ್ಯ ಕಲಿತುಬಿಡುತ್ತದೆ.

ಬಿಳಿ ಕಣ್ಣಿನ ಮೇಲಿನವರೆಗೂ ಹೋಗಿ, ಕಣ್ಣ ಸುತ್ತ ಹಳದಿ ಉಂಗುರ ಎದ್ದು ಕಂಡರೆ ಅದು ವೈಟ್ ಫ್ರಂಟೆಡ್‌ನ ಚಿಕ್ಕ ಸೋದರ ಜಾತಿ, ಲೆಸ್ಸರ್ ವೈಟ್ ಫ್ರಂಟೆಡ್ ಇರಬಹುದು. ಅದು ಅಪಾಯದಂಚಿನಲ್ಲಿರುವ ಜಾತಿ. ಹಾಗಿದ್ದರೆ ನಿಮ್ಮೂರಿನ ಹಕ್ಕಿ ವೀಕ್ಷಕರಿಗೆ ಇವತ್ತೇ ಹೇಳಿ.

ಫೋಟೊಗೆ ಅಂತ ಬ್ರೆಡ್ ಎಸೆಯಬೇಡಿ. ಹುಲ್ಲು ಮೇಯುವ ಹಕ್ಕಿ, ತಾನಾಗಿಯೇ ದಡಕ್ಕೆ ಬರುತ್ತದೆ. ಆಗ ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಕಾಲು, ಹೊಟ್ಟೆ ಕಾಣಬೇಕು, ಪಕ್ಕದಲ್ಲೊಂದು ಬಾತು ಇದ್ದರೆ ಗಾತ್ರವೂ ಗೊತ್ತಾಗುತ್ತದೆ. ಕಾಲಿಗೆ ಉಂಗುರ ಇದ್ದರೆ ಅದರ ಬಣ್ಣ, ಅಕ್ಷರ, ನಂಬರ್ ಬರೆದಿಟ್ಟುಕೊಳ್ಳಿ. ಯಾರೋ ಸಾಕಿದ್ದು ತಪ್ಪಿಸಿಕೊಂಡಿದೆಯೋ, ಸಂಶೋಧಕರು ತೊಡಿಸಿ ಬಿಟ್ಟಿದ್ದೋ ಅದರಿಂದಲೇ ಗೊತ್ತಾಗಬಹುದು.