ಬಾಯ್ಲ್ ಹೈಟ್ಸ್ ಕಡೆ ಮನೆ ಮಾಡಬಹುದಾ ಅಂತ ಕೇಳಿದ್ದಿರಲ್ಲ

ಅಣ್ಣ ಅಂತ ಕರೆದಿದ್ದೀರಿ. ಅರವತ್ತು ದಾಟಿದವನನ್ನು ಅಂಕಲ್ ಅನ್ನದೆ ಅಣ್ಣ ಅಂದದ್ದಕ್ಕೇ ಉದ್ದ ಉತ್ತರ ಬರೆಯುತ್ತೇನೆ, ತಾಳಿಕೊಳ್ಳಿ.

ಮುಂದಿನ ತಿಂಗಳು ಲಾಸ್ ಏಂಜಲೀಸಿಗೆ ಬಂದಿಳಿಯುತ್ತೀರಿ. ಕೈಗೆಟಕುವ ಬಾಡಿಗೆ ಮನೆ ಸಿಕ್ಕಿದ್ದು ಬಾಯ್ಲ್ ಹೈಟ್ಸಿನಲ್ಲಿ. ಆಫೀಸಿನ ಗೆಳೆಯ ‘ಅಲ್ಲಿ ಬರೀ ಸ್ಪ್ಯಾನಿಷ್‌ನವರು, ಬೇಡ’ ಅಂದಿದ್ದಾನೆ. ನಮ್ಮವರು ಎಲ್ಲಿದ್ದಾರೆ, ಕಾರ್ ಇನ್ಶೂರೆನ್ಸ್ ಆ ಕಡೆ ಜಾಸ್ತಿಯಾ ಅಂತಲೂ ಕೇಳಿದ್ದೀರಿ.

ನಮ್ಮವರ ವಿಷಯ ಬೇಗ ಮುಗಿಸುತ್ತೇನೆ. ಸೋನಾ ಮಸೂರಿ, ಸಾಂಬಾರ್ ಪುಡಿ, ಮದುವೆ ಸೀರೆ ಎಲ್ಲ ಆರ್ಟೀಶಿಯಾದ ಪಯನಿಯರ್ ಬುಲೆವಾರ್ಡಿನಲ್ಲಿ. ಕ್ಯಾಲಬಾಸಸ್ ಗುಡ್ಡಗಳ ನಡುವೆ ವೆಂಕಟೇಶ್ವರ ದೇವಸ್ಥಾನ. ಇವೆರಡೂ ಶನಿವಾರ, ಭಾನುವಾರದ ಮಾತು. ಉಳಿದ ಐದು ದಿನ ನಿಮ್ಮ ಕಣ್ಣಿಗೆ ಬೀಳುವವರು ಗೆಳೆಯ ಬೇಡ ಅಂದನಲ್ಲ, ಆ ಸ್ಪ್ಯಾನಿಷ್ ಮಾತಾಡುವ ಜನರೇ. ಅಡುಗೆಮನೆಗೂ ಅವರೇ ಗತಿ: ಕೊತ್ತಂಬರಿ ಸೊಪ್ಪು, ಹಸಿಮೆಣಸು, ಹುಣಸೆಹಣ್ಣು, ಬಾಳೆಎಲೆ, ನಮ್ಮ ಅಚ್ಚುಬೆಲ್ಲದಂಥದೇ ಬೆಲ್ಲ, ಎಲ್ಲ ಮೂಲೆಯ ಮೆಕ್ಸಿಕನ್ ಅಂಗಡಿಯಲ್ಲಿ ಸಿಗುತ್ತದೆ. ‘ಚಯೋಟೆ’ ಅಂತ ಬೋರ್ಡು ಹಾಕಿದ್ದರೆ ಗಾಬರಿಯಾಗಬೇಡಿ, ಅದು ನಮ್ಮ ಸೀಮೆಬದನೆ. ನಾವು ಯಾವ ಸೀಮೆಯದ್ದು ಅಂದೆವೋ ಆ ಸೀಮೆ ಇವರದ್ದೇ.

ಇನ್ನು ಇನ್ಶೂರೆನ್ಸ್. ಇಲ್ಲಿಂದಲೇ ನಿಮಗೆ ಒಬ್ಬ ಪಾದ್ರಿಯ ಕತೆ ಹೇಳಬೇಕು. ಎಪ್ಪತ್ತರ ದಶಕದಲ್ಲಿ ಬಾಯ್ಲ್ ಹೈಟ್ಸಿನ ಪಕ್ಕದ ಈಸ್ಟ್ ಲಾಸ್ ಏಂಜಲೀಸಿನವರು ಕಾರಿಗೆ ಕಟ್ಟುತ್ತಿದ್ದ ವಿಮೆ ಊರಿನ ಬೇರೆ ಭಾಗದವರಿಗಿಂತ ಬಹಳ ಹೆಚ್ಚು. ಗುದ್ದಿದ ದಾಖಲೆ ಇರಲಿ, ಬಿಡಲಿ, ಪಿನ್‌ಕೋಡ್ ನೋಡಿಯೇ ದರ ಹೇಳುತ್ತಿದ್ದರು. ಅಲ್ಲಿನ ಕೆಥೋಲಿಕ್ ಚರ್ಚುಗಳ ಜನ ‘ಯುನೋ’ (ಯುನೈಟೆಡ್ ನೇಬರ್‌ಹುಡ್ಸ್ ಆರ್ಗನೈಸೇಷನ್, ವಿಶ್ವಸಂಸ್ಥೆಯಲ್ಲ) ಎಂಬ ಸಂಘಟನೆ ಕಟ್ಟಿ ಕಂಪನಿಗಳ ಬೆನ್ನು ಬಿದ್ದರು, ದರ ಇಳಿಸಿಯೇ ಬಿಟ್ಟರು. ಅದರ ಮುಂಚೂಣಿಯಲ್ಲಿದ್ದವರು ಲಾ ಸೊಲೆದಾದ್ ಚರ್ಚಿನ ಫಾದರ್ ಲೂಯಿಸ್ ಒಲಿವಾರೆಸ್. ಆಮೇಲೆ 1988ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 103 ಎಂಬ ವಿಮೆ ದರದ ಕಾನೂನನ್ನು ಗೆಲ್ಲಿಸಿದರು. ಈಗ ಮೊದಲು ನೋಡಬೇಕಾದದ್ದು ನಿಮ್ಮ ಚಾಲನೆಯ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿ, ಅನುಭವ. ಹಾಗಂತ ಪಿನ್‌ಕೋಡ್ ಲೆಕ್ಕಕ್ಕೇ ಇಲ್ಲ ಅಂತಲ್ಲ. ನಾಲ್ಕು ಕಡೆ ವಿಚಾರಿಸಿ.

ಈ ಒಲಿವಾರೆಸ್ ಹುಟ್ಟಾ ಹೋರಾಟಗಾರರಲ್ಲ. 1934ರಲ್ಲಿ ಟೆಕ್ಸಸ್‌ನ ಸ್ಯಾನ್ ಅಂಟೋನಿಯೋದಲ್ಲಿ, ಮೆಕ್ಸಿಕನ್ ಮೂಲದ ಮನೆಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿ ಸೇರಿ 1961ರಲ್ಲಿ ಗುರುದೀಕ್ಷೆ ಪಡೆದರು. ಕ್ಲಾರೆಷಿಯನ್ ಎಂಬ ಕೆಥೋಲಿಕ್ ಪಾದ್ರಿಗಳ ಸಂಘದ ಖಜಾಂಚಿಯಾಗಿ ಲಕ್ಷಾಂತರ ಡಾಲರ್ ಹೂಡಿಕೆ ಅವರ ಕೈಯಲ್ಲಿತ್ತು. ವಾಲ್‌ಸ್ಟ್ರೀಟಿನವರು ಕರೆದು ಔತಣ ಕೊಡುತ್ತಿದ್ದರು. ಬೆಲೆಬಾಳುವ ಸೂಟು, ಗುಚ್ಚಿ ಬೂಟು. 1975ರಲ್ಲಿ ದ್ರಾಕ್ಷಿ ತೋಟದ ಕೂಲಿಕಾರರ ನಾಯಕ ಸೀಸರ್ ಶಾವೆಜ್ ಪರಿಚಯವಾದ ಮೇಲೆ ದಾರಿ ಬದಲಾಯಿತು. ಒಳ್ಳೆ ಬಟ್ಟೆಯ ಮೇಲಿನ ಆಸೆ ಪೂರ್ತಿ ಬಿಡಲಿಲ್ಲವಂತೆ. ನನಗೆ ಇದೇ ಇಷ್ಟ. ಸಂತರ ಚರಿತ್ರೆ ಬರೆಯುವವರು ಇಂಥದ್ದನ್ನು ಮೊದಲು ಒರೆಸಿಹಾಕುತ್ತಾರೆ.

1981ರಲ್ಲಿ ಅವರನ್ನು ಊರ ನಡುವಿನ ಹಳೇ ಚರ್ಚಿಗೆ ಹಾಕಿದರು. ಅದರ ಪೂರ್ತಿ ಹೆಸರು ಉದ್ದ, ಎಲ್ಲರೂ ಕರೆಯುವುದು ‘ಲಾ ಪ್ಲಸೀತಾ’. ಎಲ್ ಸಾಲ್ವಡೋರ್, ಗ್ವಾಟೆಮಾಲಾದಲ್ಲಿ ಅಂತರ್ಯುದ್ಧ ಹೊತ್ತಿ ಉರಿಯುತ್ತಿದ್ದ ಕಾಲ. 1980ರಲ್ಲಿ ಎಲ್ ಸಾಲ್ವಡೋರಿನ ಆರ್ಚ್‌ಬಿಷಪ್ ರೊಮೆರೋ ಅವರನ್ನು ಪೂಜೆ ಮಾಡುತ್ತಿದ್ದ ಹಾಗೆಯೇ ಗುಂಡಿಟ್ಟು ಕೊಂದಿದ್ದರು. ಓಡಿಬಂದವರಿಗೆ ಅಮೆರಿಕಾ ಆಶ್ರಯ ಕೊಡಲೊಲ್ಲದು. 1984ರಲ್ಲಿ ಈ ಎರಡು ದೇಶದವರ ಅರ್ಜಿಗಳಲ್ಲಿ ನೂರಕ್ಕೆ ಮೂರೂ ಪಾಸಾಗಲಿಲ್ಲ. ಅಲ್ಲಿನ ಸರಕಾರಗಳಿಗೆ ಬಂದೂಕು, ದುಡ್ಡು ಕೊಡುತ್ತಿದ್ದವರೇ ಇವರಾದಾಗ ಅಲ್ಲಿಂದ ಓಡಿಬಂದವನನ್ನು ನಿರಾಶ್ರಿತ ಅಂತ ಒಪ್ಪುವುದಾದರೂ ಹೇಗೆ? 1985ರ ಡಿಸೆಂಬರ್ 12, ಗ್ವಾಡಲೂಪೆ ಮಾತೆಯ ಹಬ್ಬದ ದಿನ, ಒಲಿವಾರೆಸ್ ತಮ್ಮ ಚರ್ಚು ಇವರಿಗೆ ಅಭಯಸ್ಥಾನ ಅಂತ ಬಹಿರಂಗವಾಗಿ ಸಾರಿದರು. ರಾತ್ರಿ ಬಾಗಿಲು ತೆರೆದಿಟ್ಟರು, ಗಂಡಸರು ಒಳಗೇ ಮಲಗತೊಡಗಿದರು.

ಅಲ್ಲಿ ಮಲಗಿದ್ದವರಲ್ಲಿ ಒಬ್ಬ ನನಗೆ ಗೊತ್ತು. 1988ರಲ್ಲಿ ನಾನು ಓದಲು ಬಂದವನು, ರಾತ್ರಿ ಒಂದು ಮೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದೆ. ಆತ ಎಲ್ ಸಾಲ್ವಡೋರಿನವನು, ಹಿಂದುಗಡೆ ಲಾಂಡ್ರಿಯಲ್ಲಿ. ಇಬ್ಬರಿಗೂ ಸಂಬಳ ಕವರಿನಲ್ಲಿ, ನಗದು. ಅವನಿಗೆ ಈ ದೇಶದಲ್ಲಿರಲು ಬೇಕಾದ ಕಾಗದವೇ ಇರಲಿಲ್ಲ. ನನಗೆ ಸ್ಟೂಡೆಂಟ್ ವೀಸಾ ಇತ್ತು, ಆದರೆ ಕ್ಯಾಂಪಸ್ಸಿನ ಹೊರಗೆ ದುಡಿಯುವಂತಿರಲಿಲ್ಲ. ಅಂದರೆ ನಾನೂ ಕಳ್ಳನೇ, ಇಸ್ತ್ರಿ ಮಾಡಿದ ಅಂಗಿಯ ಕಳ್ಳ. ಊರಿಗೆ ಬರೆದ ಒಂದು ಕಾಗದದಲ್ಲೂ ಈ ವಿಷಯ ತಿಳಿಸಿರಲಿಲ್ಲ.

ಬೆಂಚಿನ ಮೇಲೆ ಮಲಗಿ, ಬೆಳಗಿನ ಪೂಜೆಗೆ ಮೊದಲು ಎದ್ದು, ಗುಡಿಸಿ, ಕಾಫಿ ಕುಡಿದು ಕೂಲಿ ಹುಡುಕಲು ಹೋಗುತ್ತಿದ್ದನಂತೆ. ‘ಪಾದ್ರೆ’ ಅಂತಲೇ ಅವನ ಮಾತು ಶುರು. ನಮ್ಮ ಪಾದ್ರಿ, ಅವರ ಪಾದ್ರೆ, ಎರಡೂ ಒಂದೇ. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋದ. ನಾನು ಕಾರ್ಕಳದವನು. ಜನವರಿಯಲ್ಲಿ ಅತ್ತೂರು ಜಾತ್ರೆಗೆ ಅಮ್ಮನ ಜೊತೆ ಹೋಗಿ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಬೆಳೆದವನಿಗೆ ಅಲ್ಲೇನೂ ಹೊಸದನ್ನಿಸಲಿಲ್ಲ. ಮೇಣದ ವಾಸನೆ, ಅಳುವ ಮಕ್ಕಳು, ಹೊರಗೆ ತಿಂಡಿ ಮಾರುವವರು. ಒಲಿವಾರೆಸ್ ಬಾಗಿಲ ಬಳಿ ನಿಂತು ಕೈಕುಲುಕುತ್ತಿದ್ದರು. ನನ್ನ ಕೈಯನ್ನೂ ಕುಲುಕಿದರು, ಅಷ್ಟೇ. ನೀನು ಯಾರು, ಯಾವ ಕಾಗದ ಇದೆ ಅಂತ ಕೇಳಲಿಲ್ಲ. ಆ ವರ್ಷ ನನ್ನನ್ನು ಅದು ಕೇಳದವರು ತೀರ ಕಡಿಮೆ.

1986ರ ಹೊಸ ವಲಸೆ ಕಾನೂನು ಕಾಗದ ಇಲ್ಲದ ಹಳಬರಿಗೆ ಕ್ಷಮೆ ಕೊಟ್ಟಿತು, ಸುಮಾರು 27 ಲಕ್ಷ ಜನಕ್ಕೆ ಕಾಗದ ಸಿಕ್ಕಿತು. ಆದರೆ ಮುಖ್ಯ ಷರತ್ತು, 1982ರ ಮೊದಲೇ ಬಂದಿರಬೇಕು. ಆಮೇಲೆ ಬಂದವನಿಗೆ ಕೆಲಸ ಕೊಟ್ಟರೆ ಕೊಟ್ಟ ಧಣಿಗೇ ದಂಡ. ಒಲಿವಾರೆಸ್ ಮತ್ತು ಇನ್ನಿಬ್ಬರು ಪಾದ್ರಿಗಳು ಕಾಗದ ಇಲ್ಲದವರಿಗೆ ನಾವು ಆಸರೆಯನ್ನೂ ಕೊಡುತ್ತೇವೆ, ಕೆಲಸವನ್ನೂ ಕೊಡುತ್ತೇವೆ ಅಂತ ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು. ಲಾಸ್ ಏಂಜಲೀಸಿನ ಆರ್ಚ್‌ಬಿಷಪ್ಪರಿಗೆ ಹಿಡಿಸಲಿಲ್ಲ. ಎಲ್ ಸಾಲ್ವಡೋರಿನ ಕೊಲೆಗಡುಕ ತಂಡಗಳ ಹೆಸರಿನಲ್ಲಿ ಬೆದರಿಕೆಯೂ ಬಂತು. 1990ರಲ್ಲಿ ಅವರನ್ನು ಟೆಕ್ಸಸ್‌ಗೆ ವರ್ಗ ಮಾಡಿದರು. ಹೊರಡುವ ಮೊದಲೇ ಹಾಸಿಗೆ ಹಿಡಿದರು.

ಏಡ್ಸ್ ಅಂತ ಗೊತ್ತಾಯಿತು. ಮಧ್ಯ ಅಮೆರಿಕಾದಲ್ಲಿ ಚಿಕಿತ್ಸೆ ಪಡೆದಾಗ ಸೋಂಕಿನ ಸೂಜಿಯಿಂದ ಬಂದಿರಬಹುದು ಅಂದರು. ಆ ಕಾಲದಲ್ಲಿ ಏಡ್ಸ್ ಅಂದರೆ ಹೇಗಿತ್ತು ಅಂತ ನಿಮ್ಮ ವಯಸ್ಸಿನವರಿಗೆ ಹೇಳಿ ತಿಳಿಸುವುದು ಕಷ್ಟ ಮಾರಾಯರೇ. ಒಬ್ಬ ಪಾದ್ರಿಗೆ ಅದು ಬಂದರೆ ಊರು ಏನೆಲ್ಲ ಗುಸುಗುಸು ಅನ್ನಬಹುದೋ ಊಹಿಸಿಕೊಳ್ಳಿ. ನಮ್ಮ ಲಾಂಡ್ರಿಯವನನ್ನು ಕೇಳಿದಾಗ ಒಂದೇ ಮಾತು: ‘ನನಗೆ ಮಲಗಲು ಜಾಗ ಕೊಡುವಾಗ ಅವರು ಏನಾದರೂ ಕೇಳಿದ್ದರಾ?’ 1993ರ ಮಾರ್ಚ್ 18ರಂದು ಒಲಿವಾರೆಸ್ ತೀರಿಕೊಂಡರು. 59 ವಯಸ್ಸು.

ಲಾಂಡ್ರಿಯವನ ಕತೆ ಏನಾಯಿತು ಅಂದರೆ, 1991ರಲ್ಲಿ ಕೋರ್ಟಿನಲ್ಲಿ ಒಂದು ಒಪ್ಪಂದವಾಯಿತು, ಜನರ ಬಾಯಲ್ಲಿ ‘ಎಬಿಸಿ’. ಅದರಿಂದ ಸಾಲ್ವಡೋರಿನವರ ಅರ್ಜಿಗಳನ್ನು ಮತ್ತೆ ನೋಡಲೇಬೇಕಾಯಿತು. ಕೊನೆಗೆ 1997ರ ‘ನಕಾರಾ’ ಕಾನೂನಿನ ಕೆಳಗೆ ಹಸಿರು ಕಾರ್ಡು ಸಿಕ್ಕಿತು. ಹೆಸರು ನಕಾರ, ಸಿಕ್ಕಿದ್ದು ಸಕಾರ ಅಂತ ನಾನು ನಕ್ಕರೆ ಅವನಿಗೆ ಅರ್ಥ ಮಾಡಿಸಲು ಅರ್ಧ ಗಂಟೆ ಹಿಡಿಯಿತು. ನನ್ನದು ಕಂಪನಿ ಕೊಡಿಸಿದ ಕಾರ್ಡು, ಅವನದಕ್ಕಿಂತ ಮೊದಲೇ ಬಂತು. ಕವರಿನ ಸಂಬಳದ ವಿಷಯ ಯಾರೂ ಕೇಳಲಿಲ್ಲ. ನೀವು ಮಾತ್ರ ಅಂಥ ಕೆಲಸಕ್ಕೆ ಹೋಗಬೇಡಿ, ಈಗ ಕಾಲ ಹಾಗಿಲ್ಲ.

ಮನೆಯ ವಿಷಯ. ಹಗಲೊಮ್ಮೆ, ರಾತ್ರಿಯೊಮ್ಮೆ ಆ ಬೀದಿಯಲ್ಲಿ ನಡೆದು ನೋಡಿ. ಕಾರು ನಿಲ್ಲಿಸಲು ಜಾಗ ಇದೆಯಾ ಅಂತ ಕೇಳಿ, ಬಾಡಿಗೆ ಕರಾರು ಓದಿ ಸಹಿ ಹಾಕಿ. ಅಲ್ಲಿಂದ ಮೆಟ್ರೋದಲ್ಲಿ ಯೂನಿಯನ್ ಸ್ಟೇಷನ್ ಹತ್ತಿರವೇ. ಹೊರಗೆ ಬಂದು ಅಲಮೀಡಾ ರಸ್ತೆ ದಾಟಿ, ಒಲ್ವೆರಾ ಸ್ಟ್ರೀಟಿನ ಚೌಕದ ಆಚೆ ಬದಿಗೆ ಹೋದರೆ ಲಾ ಪ್ಲಸೀತಾ.

ಲಾಂಡ್ರಿಯವನ ಹೆಂಡತಿ ವರ್ಷಾ ವರ್ಷಾ ಡಿಸೆಂಬರ್ 12ಕ್ಕೆ ತಮಾಲೆ ಮಾಡಿ ಕಳಿಸುತ್ತಾಳೆ. ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಮುಸುಕಿನ ಜೋಳದ ಹಿಟ್ಟು, ಥೇಟ್ ನಮ್ಮ ಕಡುಬು. ಹಂದಿ ಕೊಬ್ಬು ಹಾಕುವುದು ವಾಡಿಕೆ. ನನ್ನ ಪಾಲಿನದ್ದನ್ನು ಎಣ್ಣೆಯಲ್ಲಿ ಕಲಸಿ, ಒಳಗೆ ಹುರುಳಿಕಾಳಿನಂಥ ಬೀನ್ಸ್ ತುಂಬಿ, ಗುರುತಿಗೆ ಮೇಲೆ ಕೆಂಪು ದಾರ ಕಟ್ಟಿರುತ್ತಾಳೆ. ನೀವು ಏನು ತಿನ್ನುತ್ತೀರಿ ಅಂತ ಬರೆಯಿರಿ, ಈ ಸಲ ದಾರ ಜಾಸ್ತಿ ಬೇಕಾ ಅಂತ ಅವಳಿಗೆ ಹೇಳಬೇಕು.